ಹತ್ತನೆಯ ರೀಲು

ಆಷಾಢ ಬಂದರೆ ಚಳ್ಳಕೆರೆಯ ಫೋಟೋ ಸ್ಟುಡಿಯೋಗಳಲ್ಲಿ ಕೆಲಸವಿರುವುದಿಲ್ಲ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಅರ್ಜಿಗೆ ಅಂಟಿಸುವ ಸಣ್ಣ ಫೋಟೋ ತೆಗೆಸಲು ಬರುವವರನ್ನು ಬಿಟ್ಟರೆ ಮೆಟ್ಟಿಲು ಹತ್ತುವವರೇ ಇಲ್ಲ. ಮಾಲೀಕ ರವಿಕಿರಣ್ ಕೆಳಗಿನ ಅಂಗಡಿ ಸಾಲಿನಲ್ಲಿ ಹರಟುತ್ತ ಕೂರುತ್ತಿದ್ದ. ಮೇಲಿನ ಕಿರುಕೋಣೆಯಲ್ಲಿ, ಕಂಪ್ಯೂಟರಿನ ಮುಂದೆ, ನಿರ್ಮಲಾ ಒಬ್ಬಳೇ ಇರುತ್ತಿದ್ದಳು. ಅವಳಿಗೆ ಆಗ ನಲವತ್ತೇಳು ವರ್ಷ. ಹದಿನೆಂಟು ವರ್ಷಗಳಿಂದ ಅದೇ ಕೋಣೆಯಲ್ಲಿ ಕೂತು ಮದುವೆಯ ವಿಡಿಯೋಗಳನ್ನು ಎಡಿಟ್ ಮಾಡುತ್ತಿದ್ದಳು.

ಎರಡು ದಿನದ ಮದುವೆಯನ್ನು ಎರಡು ಗಂಟೆಗೆ ಇಳಿಸುವುದು ಅವಳ ಕೆಲಸ. ಯಾರ ಕಣ್ಣೀರನ್ನು ಇಟ್ಟುಕೊಳ್ಳಬೇಕು, ಯಾರ ಆಕಳಿಕೆಯನ್ನು ತೆಗೆಯಬೇಕು, ಮುನಿಸಿಕೊಂಡ ಸೋದರಮಾವನನ್ನು ನಗುತ್ತಿರುವಂತೆ ಹೇಗೆ ತೋರಿಸಬೇಕು, ಇದೆಲ್ಲ ಅವಳ ಬೆರಳಿಗೆ ಗೊತ್ತಿತ್ತು. ಊರಿನ ಸಾವಿರಾರು ಮುಖಗಳು ಅವಳಿಗೆ ಪರಿಚಯ. ಬಸ್ ನಿಲ್ದಾಣದಲ್ಲಿ ಯಾವಳೋ ಮಗುವನ್ನು ಎತ್ತಿಕೊಂಡು ಎದುರಾದರೆ, ತಾಳಿ ಕಟ್ಟಿಸಿಕೊಳ್ಳುವಾಗ ಇವಳು ಸೀನಿದ್ದಳಲ್ಲ ಎಂದು ನಿರ್ಮಲಾಗೆ ನೆನಪಾಗುತ್ತಿತ್ತು. ಅವಳು ಅರ್ಧ ನಕ್ಕುಬಿಡುತ್ತಿದ್ದಳು. ಎದುರಿನವಳು ಯಾರೋ ಎಂಬಂತೆ ನೋಡಿ ಮುಂದೆ ಹೋಗುತ್ತಿದ್ದಳು.

ಅವಳು ಹುಟ್ಟಿದ್ದು ಮೊಳಕಾಲ್ಮುರಿನಲ್ಲಿ, ರೇಷ್ಮೆ ಸೀರೆ ನೇಯುವ ಗೋವಿಂದಪ್ಪನ ಮೊದಲ ಮಗಳಾಗಿ. ಮನೆಯ ಮಾತು ತೆಲುಗು. ಇಪ್ಪತ್ತಕ್ಕೆ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಮೆಕ್ಯಾನಿಕ್ ಆಗಿದ್ದ ಮಾರುತಿಗೆ ಕೊಟ್ಟು ಮದುವೆ ಮಾಡಿದರು. ಒಂಬತ್ತನೆಯ ವರ್ಷ ಕಾಮಾಲೆಯಾಗಿ ಅವನು ಹೋದ. ಮಕ್ಕಳಿರಲಿಲ್ಲ. ಅಪ್ಪ ಮನೆಗೆ ಬಾ ಎಂದ. ನಿರ್ಮಲಾ ಹೋಗಲಿಲ್ಲ. ಮಿಲ್ಲಿನ ಹಿಂದಿನ ಗಲ್ಲಿಯಲ್ಲಿ, ಶೇಂಗಾ ಹಿಂಡಿಯ ವಾಸನೆ ಗೋಡೆಗೇ ಹಿಡಿದುಕೊಂಡಿದ್ದ ಆ ಒಂದೇ ಕೋಣೆಯಲ್ಲಿ ಉಳಿದಳು. ಆಲ್ಬಮ್ಮಿಗೆ ಫೋಟೋ ಅಂಟಿಸುವ ಕೆಲಸಕ್ಕೆಂದು ಸ್ಟುಡಿಯೋಗೆ ಸೇರಿದವಳು ನೋಡುತ್ತ ನೋಡುತ್ತ ಕಂಪ್ಯೂಟರ್ ಕಲಿತಳು.

ಆ ಆಷಾಢದ ಒಂದು ಮಧ್ಯಾಹ್ನ ರವಿಕಿರಣ್ ಮೇಲೆ ಬಂದು ತನ್ನ ಫೋನನ್ನು ಅವಳ ಮುಂದೆ ಹಿಡಿದ.

"ಇಲ್ನೋಡು ನಿರ್ಮಲಕ್ಕ. ಯಾವನೋ ಅಭಿಮಾನಿ, ಇಂಗ್ಲಿಷಿನ ಮಾಯಾ ಮಂತ್ರದ ಸಿನಿಮಾಗಳನ್ನೆಲ್ಲ ಕತ್ತರಿಸಿ ಕತ್ತರಿಸಿ ಸೀರಿಯಲ್ ಮಾಡವ್ನೆ. ಹತ್ತು ಗಂಟೆ ಸಿನಿಮಾ ಇಪ್ಪತ್ತು ಕಂತು ಆಗೈತೆ. ಅವನಿಗೆ ದುಡ್ಡೇನೂ ಬರಲ್ಲ ಇದ್ರಿಂದ, ಸುಮ್ನೆ ಖುಷಿಗೆ."

ನಿರ್ಮಲಾ ಒಂದು ಕಂತನ್ನು ಪೂರ್ತಿ ನೋಡಿದಳು. ಅವಳಿಗೆ ಆ ಭಾಷೆ ಬರದು. ಆದರೆ ಎಲ್ಲಿ ನಿಲ್ಲಿಸಿದ್ದಾನೆ ಎಂಬುದನ್ನು ನೋಡಿದಳು. ಸರಿಯಾದ ಜಾಗದಲ್ಲಿ ನಿಲ್ಲಿಸಿದ್ದ.

ಫೋನನ್ನು ವಾಪಸು ಕೊಟ್ಟಾಗ ಅವಳ ಮನಸ್ಸು ಮೊಳಕಾಲ್ಮುರಿನ ಮನೆಗೆ ಹೋಗಿಬಿಟ್ಟಿತ್ತು.

ಅವಳು ಹನ್ನೆರಡು ವರ್ಷದವಳಿದ್ದಾಗ ಊರಿನ ಟೆಂಟಿಗೆ ಒಂದು ತೆಲುಗು ಸಿನಿಮಾ ಬಂದಿತ್ತು. ಮಾಂತ್ರಿಕನೊಬ್ಬ ಕಲ್ಲು ಮಾಡಿದ ಅಣ್ಣನನ್ನು ಬಿಡಿಸಿಕೊಂಡು ಬರಲು ಉಪ್ಪು ಮಾರುವವನ ಮಗಳು ದ್ವೀಪಕ್ಕೆ ಹೋಗುವ ಕಥೆ. ಎರಡು ವರ್ಷದ ಮೇಲೆ ಅದರ ಎರಡನೆಯ ಭಾಗವೂ ಬಂತು. ದ್ವೀಪಕ್ಕೆ ತೆಲುಗಿನಲ್ಲಿ ದೀವಿ ಎನ್ನುತ್ತಾರೆ. ಮನೆಯಲ್ಲಿ ಅದನ್ನು ಎಲ್ಲರೂ ದೀವಿ ಸಿನಿಮಾ ಎಂದೇ ಕರೆದರು.

ನೋಡಿದವಳು ನಿರ್ಮಲಾ ಒಬ್ಬಳೇ. ತಂಗಿ ಜ್ಯೋತಿಲಕ್ಷ್ಮಿ ಮೂರು ವರ್ಷ ಚಿಕ್ಕವಳು. ಸಿನಿಮಾಕ್ಕೆ ಕರೆದೊಯ್ಯುತ್ತಿದ್ದ ಸೋದರತ್ತೆ ಓಬಳಮ್ಮ, "ಇವ್ಳು ಅಲ್ಲೇ ಮಲಗ್ತಾಳೆ, ಹೊತ್ಕೊಂಡು ಬರಾಕೆ ನನ್ನ ಕೈಲಾಗಲ್ಲ" ಎಂದು ಜ್ಯೋತಿಯನ್ನು ಬಿಟ್ಟು ಹೋಗುತ್ತಿದ್ದಳು. ಇಬ್ಬರೂ ಹೋದರೆ ಅಪ್ಪನ ಲಾಳಿಯೊಳಗೆ ಕೂರುವ ಕಂಡಿಕೆಗೆ ರೇಷ್ಮೆ ಎಳೆ ಸುತ್ತಿ ಕೊಡುವವರೂ ಇರುತ್ತಿರಲಿಲ್ಲ. ಜ್ಯೋತಿ ದೊಡ್ಡವಳಾದ ಮೇಲೂ ಅದೇ ರೂಢಿಯಾಯಿತು. ಅಕ್ಕ ಹೋಗುವುದು, ತಂಗಿ ರಾಟೆಯ ಮುಂದೆ ಕೂರುವುದು.

ಮರುದಿನದಿಂದ ಅಕ್ಕ ಕಥೆ ಹೇಳಬೇಕು. ಇಬ್ಬರೂ ರಾಟೆಗಳ ಮುಂದೆ ಕೂತು ಎಳೆ ಹರಿಯದಂತೆ ರೇಷ್ಮೆ ಸುತ್ತುತ್ತಿದ್ದರು. ಬುಟ್ಟಿಯಲ್ಲಿ ಕಂಡಿಕೆ ತುಂಬುವವರೆಗೆ ಕಥೆ. ತುಂಬಿತೋ, ಎಲ್ಲಿದ್ದರೆ ಅಲ್ಲಿಗೆ ನಿಂತಿತು. ಅದಕ್ಕೇ ಜ್ಯೋತಿ ಬೇಕೆಂದೇ ನಿಧಾನವಾಗಿ ಸುತ್ತುತ್ತಿದ್ದಳು. ನೆಲದಲ್ಲಿ ತೋಡಿದ ಮಗ್ಗದ ಗುಂಡಿಯಿಂದ ಅಪ್ಪ, "ಕೈ ಓಡಿಸ್ರೇ" ಎಂದು ಗದರುತ್ತಿದ್ದ. ಮೂರು ಗಂಟೆಯ ದೀವಿ ಸಿನಿಮಾ ಆ ಮನೆಯಲ್ಲಿ ಹನ್ನೆರಡು ದಿನ ನಡೆಯಿತು.

ಈಗ ಜ್ಯೋತಿ ಧರ್ಮಾವರದಲ್ಲಿದ್ದಾಳೆ. ಗಂಡನ ಮನೆಯವರದೂ ರೇಷ್ಮೆಯದೇ ಕಸುಬು. ಅಕ್ಕತಂಗಿಯರ ನಡುವೆ ಆರು ವರ್ಷಗಳಿಂದ ಮಾತಿರಲಿಲ್ಲ ಎಂದರೆ ತಪ್ಪಾಗುತ್ತದೆ. ಯುಗಾದಿಗೊಂದು, ದೀಪಾವಳಿಗೊಂದು ಶುಭಾಶಯದ ಚಿತ್ರ ಫೋನಿಗೆ ಬರುತ್ತಿತ್ತು, ಹೋಗುತ್ತಿತ್ತು. ಆರು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ಜ್ಯೋತಿ ಬಂದು, ಮಗಳ ಪರೀಕ್ಷೆಯೆಂದು ಮೂರನೆಯ ದಿನ ಹೋದಳು. ಬಾಡಿಗೆಯ ಮನೆ, ಬಿಟ್ಟುಕೊಡಬೇಕಿತ್ತು. ನಿರ್ಮಲಾ ಪಕ್ಕದ ಬೀದಿಯ ನೇಕಾರನೊಬ್ಬನಿಗೆ ಮಗ್ಗವನ್ನು ಒಪ್ಪಿಸಿ, ಗುಂಡಿಗೆ ಮಣ್ಣು ತುಂಬಿಸಿ ಸಾರಿಸಿದಳು. ಹನ್ನೊಂದನೆಯ ದಿನಕ್ಕೆ ಬಂದ ಜ್ಯೋತಿ ಒಳಗೆ ಕಾಲಿಟ್ಟು ಆ ಸಾರಿಸಿದ ನೆಲವನ್ನೇ ನೋಡುತ್ತ ನಿಂತಳು.

"ನನ್ನನ್ನ ಒಂದು ಮಾತು ಕೇಳ್ಬಹುದಿತ್ತು," ಅಂದಳು.

"ಕೇಳಿದ್ರೆ ಏನ್ ಮಾಡ್ತಿದ್ದೆ?" ಅಂದಳು ನಿರ್ಮಲಾ. ನಾಲ್ಕು ದಿನದಿಂದ ನಿದ್ದೆಗೆಟ್ಟಿದ್ದಳು. ಆ ಮಾತು ಅವಳು ಅಂದುಕೊಂಡದ್ದಕ್ಕಿಂತ ಗಡುಸಾಗಿ ಬಂತು. ಜ್ಯೋತಿ ಊಟ ಮಾಡಿ, ಬಟ್ಟೆ ಮಡಚಿಕೊಂಡು ಹೊರಟುಹೋದಳು.

ದೀವಿ ಸಿನಿಮಾದ ಎರಡೂ ಭಾಗಗಳು ಇಂಟರ್‌ನೆಟ್ಟಿನಲ್ಲಿ ಸಿಕ್ಕವು. ಯಾರೋ ಎಂದೋ ಟೀವಿಯಿಂದ ಇಳಿಸಿಕೊಂಡದ್ದು. ಬಣ್ಣವೆಲ್ಲ ಇಂಗಿ ಸಮುದ್ರ ಬೂದಿಯಂತಾಗಿತ್ತು, ಮೂಲೆಯಲ್ಲಿ ಚಾನೆಲ್ಲಿನ ಗುರುತು. ನಿರ್ಮಲಾ ಮೊದಲು ಅದನ್ನು ಅರ್ಧರ್ಧ ಗಂಟೆಗೆ ಕತ್ತರಿಸಿ ನೋಡಿದಳು. ಅದು ಸರಿ ಕೂರಲಿಲ್ಲ. ಆಮೇಲೆ ಕಣ್ಣು ಮುಚ್ಚಿ, ಆಗ ತಾನು ಎಲ್ಲೆಲ್ಲಿ ನಿಲ್ಲಿಸಿದ್ದೆ ಎಂದು ನೆನಪು ಮಾಡಿಕೊಂಡಳು. ಒಂದೊಂದಾಗಿ ಸಿಕ್ಕಿದವು. ಮಾಂತ್ರಿಕ ಮಂತ್ರಿಸಿದಾಗ ಅಣ್ಣ ಪಾದದಿಂದ ಕಲ್ಲಾಗುತ್ತ ಬರುತ್ತಾನೆ. ಸಿನಿಮಾದಲ್ಲಿ ಅದು ಒಂದು ನಿಮಿಷದ ಆಟ. ಆದರೆ ಬುಟ್ಟಿ ತುಂಬಿದ್ದು ಅವನು ಸೊಂಟದವರೆಗೆ ಕಲ್ಲಾದಾಗ. ಆ ಹುಡುಗಿಯರಿಬ್ಬರೂ ಒಂದು ಇಡೀ ದಿನ, ಸೊಂಟದವರೆಗೆ ಕಲ್ಲಾದ ಅಣ್ಣನನ್ನು ಇಟ್ಟುಕೊಂಡು ಅನ್ನ ಉಂಡಿದ್ದರು, ನೀರು ತಂದಿದ್ದರು, ಮಲಗಿದ್ದರು. ನಿರ್ಮಲಾ ಮೊದಲ ಕಂತನ್ನು ಅಲ್ಲಿಗೇ ನಿಲ್ಲಿಸಿದಳು.

ಬಣ್ಣ ತಿದ್ದಿದಳು. ಸದ್ದಿನ ಚರಚರ ತೆಗೆದಳು. ಬೇಡದ್ದನ್ನು ಬಿಟ್ಟಳು. ದೋಣಿ ಒಡೆದ ಮೇಲೆ ಇಬ್ಬರು ಹಾಸ್ಯಗಾರರು ದಡದಲ್ಲಿ ಕುಣಿಯುವ ಹತ್ತು ನಿಮಿಷದ ತುಂಡೊಂದು ಬಂತು. ಅದು ಅವಳ ನೆನಪಿನಲ್ಲೇ ಇರಲಿಲ್ಲ. ಕಥೆಗೆ ಅಡ್ಡ ಬರುತ್ತದೆ ಎಂದು ಅದನ್ನು ತೆಗೆದೇ ಹಾಕಿದಳು.

ರವಿಕಿರಣ್ ಒಮ್ಮೆ ಹಿಂದೆ ನಿಂತು ನೋಡಿದ. "ಚೆನ್ನಾಗೈತೆ ಅಕ್ಕ. ಎಲ್ಲಿ ಹಾಕ್ತೀಯ?"

"ಎಲ್ಲೂ ಹಾಕಲ್ಲ."

"ಮತ್ತೆ ಯಾರಿಗೆ ಇದು?"

ನಿರ್ಮಲಾ ಊಟದ ಡಬ್ಬಿ ತೆಗೆದಳು. ಅವನು ಇಳಿದುಹೋದ.

ಮೊದಲ ಕಂತನ್ನು ಕಳಿಸುವಾಗ ತಂಗಿಗೆ ಏನು ಬರೆಯಬೇಕೆಂದು ತಿಳಿಯಲಿಲ್ಲ. ಹೇಗಿದ್ದೀಯ ಎಂದು ಬರೆದು ಅಳಿಸಿದಳು. ಮಗಳು ಹೇಗಿದ್ದಾಳೆ ಎಂದು ಬರೆದು ಅದನ್ನೂ ಅಳಿಸಿದಳು. ಕೊನೆಗೆ "ದೀವಿ, ಒಂದು" ಎಂದಷ್ಟೇ ಬರೆದು ವಿಡಿಯೋ ಕಳಿಸಿದಳು. ಒಂದು ಗಂಟೆಯೊಳಗೆ, ಸಂದೇಶ ತೆರೆದದ್ದಕ್ಕೆ ಗುರುತಾಗಿ, ಎರಡು ಗೆರೆಗಳು ನೀಲಿಯಾದವು. ಉತ್ತರ ಬರಲಿಲ್ಲ.

ಪ್ರತಿ ಶುಕ್ರವಾರ ಒಂದು ಕಂತು ಕಳಿಸಿದಳು. ಪ್ರತಿ ಸಲವೂ ಗೆರೆಗಳು ನೀಲಿಯಾಗುತ್ತಿದ್ದವು. ನೋಡಿದಳೋ, ಬರೀ ತೆರೆದು ಮುಚ್ಚಿದಳೋ ತಿಳಿಯುವಂತಿರಲಿಲ್ಲ. ಕೋಣೆಗೆ ಹೋಗುವ ದಾರಿಯಲ್ಲಿ ಸೊಪ್ಪು ಕೊಳ್ಳುವಾಗಲೂ ಒಂದು ಕೈಯಲ್ಲಿ ಫೋನು ಹಿಡಿದೇ ಇರುತ್ತಿದ್ದಳು. ಆರು ವಾರ ಹೀಗೇ ಹೋಯಿತು. ಇವಳಿಗೆ ಬೇಡವೇನೋ, ನಿಲ್ಲಿಸಿಬಿಡಲೇ ಎಂದುಕೊಂಡಳು. ಆದರೂ ಏಳನೆಯದನ್ನು ಕಳಿಸಿದಳು.

ಅದರ ಮರುದಿನ ಧ್ವನಿಯ ಸಂದೇಶವೊಂದು ಬಂತು. ಜ್ಯೋತಿಯ ದನಿ ಅವಳ ನೆನಪಿಗಿಂತ ಒರಟಾಗಿತ್ತು, ಹಿಂದೆ ಮಗ್ಗಗಳ ಸದ್ದು.

"ಅಕ್ಕಾ, ಗೊರ್ರೆಲ ಅವ್ವ ಎಲ್ಲಿ? ದೋಣಿ ಒಡೆದ ಮೇಲೆ ಬರ್ಬೇಕಲ್ಲ."

ಅಷ್ಟೇ. ಗೊರ್ರೆಲ ಅವ್ವ ಎಂದರೆ ಕುರಿಗಳ ಅಜ್ಜಿ. ಕೇಳಿದ ಕೂಡಲೆ ನಿರ್ಮಲಾಗೆ ಅಜ್ಜಿ ಕಣ್ಣಿಗೆ ಕಟ್ಟಿದಳು. ದೋಣಿ ಒಡೆದು ಮುಳುಗಿದ ಹುಡುಗಿಯನ್ನು ದಡಕ್ಕೆ ಎಳೆದು, ಮೈಗೆ ಕಂಬಳಿ ಹೊದಿಸಿ, ಮೂರು ದಿನ ಕುರಿ ಹಾಲು ಕುಡಿಸಿ ಉಳಿಸಿದವಳು. ಕುರಿಗಳಿಗೆಲ್ಲ ಸತ್ತುಹೋದ ತನ್ನ ಮಕ್ಕಳ ಹೆಸರಿಟ್ಟು ಕೂಗುತ್ತಿದ್ದವಳು. ಹೊರಡುವಾಗ ಹುಡುಗಿಯ ಕೈ ಹಿಡಿದು, ನೀನೂ ಹೋಗ್ತೀಯಾ ಎಂದವಳು. ಹೌದಲ್ಲ, ಎಲ್ಲಿ ಅವಳು? ನಿರ್ಮಲಾ ಎರಡೂ ಭಾಗಗಳನ್ನು ಮೊದಲಿನಿಂದ ಕೊನೆಯವರೆಗೆ ತಿರುಗಿಸಿ ನೋಡಿದಳು. ಅಜ್ಜಿ ಇಲ್ಲ. ಒಂದು ಕುರಿಯೂ ಇಲ್ಲ. ಟೀವಿಯವರು ಕತ್ತರಿಸಿರಬೇಕು ಎಂದುಕೊಂಡಳು.

ಆ ಭಾನುವಾರ ಮೊಳಕಾಲ್ಮುರಿಗೆ ಬಸ್ಸು ಹತ್ತಿದಳು. ಟೆಂಟಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದ ರಾಜಣ್ಣ ಇನ್ನೂ ಇದ್ದಾನೆಂದು ಕೇಳಿದ್ದಳು. ಎಂಬತ್ತರ ಹತ್ತಿರದ ಮುದುಕ, ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕ ಹಾಕಿ ಜಗಲಿಯ ಮೇಲೆ ಕೂತಿದ್ದ.

"ಮಗ್ಗದ ಗೋವಿಂದಪ್ಪನ ದೊಡ್ಡ ಮಗಳು ನಾನು," ಎಂದಳು.

"ಬಾರವ್ವ, ಕೂತ್ಕೊ. ನಿಮ್ಮಪ್ಪ ನೇಯ್ದ ಸೀರೆ ನಮ್ಮನೇಲಿ ಇನ್ನೂ ಐತೆ."

ನಿರ್ಮಲಾ ಸಿನಿಮಾದ ಹೆಸರು ಹೇಳಿ, ಕುರಿಗಳ ಅಜ್ಜಿಯ ವಿಷಯ ಕೇಳಿದಳು. ರಾಜಣ್ಣ ತಲೆ ಅಲ್ಲಾಡಿಸಿದ.

"ಅಂಥ ಅಜ್ಜಿ ಇಲ್ಲವ್ವ ಅದ್ರಾಗೆ. ಹತ್ತೊಂಬತ್ತು ದಿನ ಓಡಿಸಿದೀನಿ, ನಂಗೆ ಗೊತ್ತಿಲ್ವ? ದೋಣಿ ಒಡೆದ ಮೇಲೆ ಜೋಕರ್‌ಗಳು ಬರ್ತಾರೆ. ಕುಣೀತಾರೆ, ಆ ಹುಡುಗಿಗೆ ಒಂದು ಕಂಬಳಿ ಕೊಡ್ತಾರೆ. ಹತ್ತನೇ ರೀಲು ಅದು."

"ಟೆಂಟಲ್ಲಿ ನಾನು ಜೋಕರ್‌ಗಳನ್ನ ನೋಡೇ ಇಲ್ಲ."

"ಯಾವಾಗ ನೋಡಿದ್ದೆ? ಫಸ್ಟ್ ಶೋನೋ, ಸೆಕೆಂಡ್ ಶೋನೋ?"

"ಫಸ್ಟ್ ಶೋ. ಅತ್ತೆ ಜೊತೆ."

ಮುದುಕ ಜಗಲಿಯ ಅಂಚಿಗೆ ಸರಿದ. "ಕರೆಂಟ್ ಹೋಗಿ ಶೋ ತಡ ಆದ್ರೆ ರಾಯದುರ್ಗದ ಕಡೇ ಬಸ್ಸು ಹಿಡಿಯೋರು ಗಲಾಟೆ ಮಾಡೋರು. ಆವಾಗ ಹತ್ತನೇ ರೀಲು ಹಾಕ್ತಿರ್ಲಿಲ್ಲ ನಾನು. ಒಂಬತ್ತು ಆದ್ಮೇಲೆ ಹನ್ನೊಂದು. ಮಾಲೀಕರಿಗೂ ಗೊತ್ತಿತ್ತು. ಕಥೆಗೇನೂ ತೊಂದ್ರೆ ಇರ್ಲಿಲ್ಲವ್ವ, ಬರೀ ಕುಣಿತ. ಹುಡುಗಿ ಮುಳುಗ್ತಾಳೆ, ಆಮೇಲೆ ಕಂಬಳಿ ಹೊದ್ಕೊಂಡು ಕೋಟೆ ಬಾಗಿಲಾಗೆ ನಿಂತಿರ್ತಾಳೆ. ಒಬ್ರೂ ಕೇಳ್ಲಿಲ್ಲ."

ಒಬ್ಬಳು ಕೇಳಿದ್ದಳು. ನಿರ್ಮಲಾಗೆ ಈಗ ನೆನಪಾಯಿತು. ರಾಟೆ ನಿಲ್ಲಿಸಿ ಜ್ಯೋತಿ ಕೇಳಿದ್ದಳು, ಮುಳುಗಿದ್ಲಲ್ಲ ಅಕ್ಕ, ಕಂಬಳಿ ಎಲ್ಲಿಂದ ಬಂತು ಎಂದು. ಗೊತ್ತಿಲ್ಲ ಎನ್ನಲು ಹನ್ನೆರಡರ ಹುಡುಗಿಗೆ ಮನಸ್ಸಾಗಿರಲಿಲ್ಲ. ಒಬ್ಬಳು ಅಜ್ಜಿ ಕೊಟ್ಟಳು ಎಂದಿದ್ದಳು. ಯಾವ ಅಜ್ಜಿ? ಕುರಿ ಕಾಯುವ ಅಜ್ಜಿ. ಹಾಗೆ ಶುರುವಾದದ್ದು ಮೂರು ದಿನ ನಡೆದಿತ್ತು. ಹೇಳಿ ಹೇಳಿ, ಅದನ್ನು ತಾನೇ ನೋಡಿದೆನೆಂದು ಅವಳೂ ನಂಬಿಬಿಟ್ಟಿದ್ದಳು.

ವಾಪಸು ಬರುವ ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ತಾನು ಒಂದು ಪಾತ್ರ ಕಟ್ಟಿದ್ದೆನೆಂಬ ಹೆಮ್ಮೆಯೇನೂ ಆಗಲಿಲ್ಲ. ಇಷ್ಟು ವರ್ಷ ಎಲ್ಲೋ ಇದ್ದಾಳೆ ಎಂದುಕೊಂಡಿದ್ದ ಒಬ್ಬ ಮುದುಕಿ ಸತ್ತ ಸುದ್ದಿ ಈಗ ತಲುಪಿದ ಹಾಗಾಯಿತು.

ಕೋಣೆಗೆ ಬಂದವಳೇ ತಂಗಿಗೆ ಫೋನ್ ಮಾಡಿದಳು. ಜ್ಯೋತಿ ಎತ್ತಿದಳು. ಕುಶಲ ಕೇಳುವುದನ್ನು ಬಿಟ್ಟು ನಿರ್ಮಲಾ ನೇರವಾಗಿ ಹೇಳಿದಳು: "ಜ್ಯೋತಿ, ಆ ಅಜ್ಜಿ ಸಿನಿಮಾದಲ್ಲಿ ಇಲ್ಲ. ನಾನೇ ಕಟ್ಟಿ ಹೇಳಿದ್ದು."

"ಇಲ್ಲ, ಇದ್ದಾಳೆ. ನೀನು ಮರ್ತಿದೀಯ."

"ರಾಜಣ್ಣನ್ನ ಕೇಳ್ಕೊಂಡು ಬಂದೆ. ಇಲ್ಲ."

"ನನ್ನ ಮಗಳಿಗೆ ಅದೇ ಕಥೆ ಹೇಳಿ ಮಲಗಿಸಿದೀನಿ ಅಕ್ಕ. ಕುರಿಗಳ ಹೆಸರು ಸಮೇತ ಹೇಳ್ತೀನಿ ಬೇಕಾದ್ರೆ. ಅಜ್ಜಿ ಇದ್ಲು."

"ನೀನು ನೋಡೇ ಇಲ್ವಲ್ಲೇ ಜ್ಯೋತಿ."

ಅಂದ ಮೇಲೆ ನಿರ್ಮಲಾಗೆ ತಾನೇನು ಅಂದೆ ಎಂಬುದು ತಿಳಿಯಿತು.

"ಹೌದು," ಎಂದಳು ಜ್ಯೋತಿ. "ನಾನು ನೋಡಿಲ್ಲ. ನನ್ನನ್ನ ಯಾರು ಕರ್ಕೊಂಡು ಹೋದ್ರು? ಒಂದು ಸಿನಿಮಾನಾದ್ರೂ ತೋರಿಸಿದ್ರಾ ನೀವು? ಅತ್ತೆಗೆ ನಾನು ಭಾರ, ಅಪ್ಪನಿಗೆ ಕಂಡಿಕೆ. ನೀನಾದ್ರೂ ಒಂದು ದಿನ, ನಾನು ರಾಟೆ ಮುಂದೆ ಕೂರ್ತೀನಿ, ಅವ್ಳು ಹೋಗ್ಲಿ ಅಂದಿದ್ಯಾ?"

ನಿರ್ಮಲಾ ಅಂದಿರಲಿಲ್ಲ. ಅದು ತನಗೆ ಹೊಳೆದೂ ಇರಲಿಲ್ಲ. ಜ್ಯೋತಿ ಫೋನು ಇಟ್ಟುಬಿಟ್ಟಳು.

ಆ ಶುಕ್ರವಾರ ಅವಳು ಏನೂ ಕಳಿಸಲಿಲ್ಲ. ಮುಂದಿನ ಶುಕ್ರವಾರವೂ ಇಲ್ಲ. ಶ್ರಾವಣದ ಮದುವೆಗಳ ಕೆಲಸ ರಾಶಿ ಬಿದ್ದಿತ್ತು. ಒಂದು ದಿನ, ಹಿಂದಿನ ವರ್ಷದ ಮದುವೆಯೊಂದಕ್ಕೆ ಇನ್ನೊಂದು ಪ್ರತಿ ಬೇಕೆಂದು ಯಾರೋ ಬಂದರು. ಅದನ್ನು ತೆಗೆದು ನೋಡುವಾಗ ಮದುಮಗನ ಅಜ್ಜಿ ಕಣ್ಣಿಗೆ ಬಿದ್ದಳು. ಅಕ್ಷತೆ ಹಾಕಿ, ಯಾರ ಜೊತೆಗೂ ಮಾತಾಡದೆ, ಚಪ್ಪರದ ಕಂಬಕ್ಕೆ ಒರಗಿ ನಿಂತ ಹೆಂಗಸು. ಹೆಸರು ಸೂರಮ್ಮ, ಕುದಾಪುರದ ಕಡೆಯವಳು, ವರವು ಕಾವಲಿನ ಹುಲ್ಲುಗಾವಲಿನಲ್ಲಿ ಕುರಿ ಮೇಯಿಸುತ್ತಾಳೆ ಎಂದರು ಬಂದವರು.

ನಿರ್ಮಲಾ ರವಿಕಿರಣನ ಕ್ಯಾಮೆರಾ ಕೇಳಿ ಪಡೆದು, ಒಂದು ಮಂಗಳವಾರ ಅಲ್ಲಿಗೆ ಹೋದಳು. ಹುಲ್ಲು ಮೊಳಕಾಲಿನವರೆಗೆ ಬೆಳೆದಿತ್ತು. ವಿಮಾನ ಪರೀಕ್ಷಿಸುವ ಸರ್ಕಾರಿ ಜಾಗದ ಬೇಲಿಯ ಈಚೆ ಕುರಿಗಳು ಹರಡಿಕೊಂಡಿದ್ದವು.

"ನನ್ನ ಮುಖ ಯಾಕವ್ವ ನಿಂಗೆ?" ಎಂದಳು ಸೂರಮ್ಮ.

"ನನ್ನ ತಂಗಿಗೆ ತೋರಿಸ್ಬೇಕು."

"ನಿನ್ನ ತಂಗಿಗೆ ನಾನು ಗೊತ್ತೇನು?"

"ಗೊತ್ತು ಅಂದ್ಕೊಂಡವ್ಳೆ," ಎಂದಳು ನಿರ್ಮಲಾ.

ಸೂರಮ್ಮ ಕುರಿ ಕರೆದಳು, ನಡೆದಳು, ಬಂಡೆಯ ಮೇಲೆ ಕೂತು ಕಂಬಳಿ ಕೊಡವಿದಳು. ಬೇಲಿಯಾಚೆ ಪರೀಕ್ಷೆಗೆ ಹಾರಿಸುವ ವಿಮಾನದ ಗುಂಯ್‌ಗುಡುವಿಕೆ ಇದ್ದುದರಿಂದ ಅಲ್ಲಿನ ಸದ್ದು ಯಾವುದೂ ಕೆಲಸಕ್ಕೆ ಬರಲಿಲ್ಲ. ಮಧ್ಯಾಹ್ನ ಇಬ್ಬರೂ ಅಲ್ಲೇ ರೊಟ್ಟಿ ತಿಂದರು. ಒಬ್ಬರ ಎದುರು ಕೂತು ನಿರ್ಮಲಾ ಉಂಡು ಬಹಳ ದಿನವಾಗಿತ್ತು.

ಎಂಟನೆಯ ಕಂತಿಗೆ ಅವಳು ಸೂರಮ್ಮನನ್ನು ಸೇರಿಸಿದಳು. ಹಳೆಯ ಸಿನಿಮಾದ ಹಾಗೆ ಕಾಣಲೆಂದು ಕಾವಲಿನ ಹಸಿರನ್ನು ಕೊಂದು ಬೂದಿ ಮಾಡಿದಳು. ಮುಳುಗುವ ಹುಡುಗಿ, ಆಮೇಲೆ ಅಜ್ಜಿಯ ಕಾಲು, ಕುರಿಗಳು, ಕಂಬಳಿ, ಆಮೇಲೆ ಕೋಟೆಯ ಬಾಗಿಲು. ನಡುವೆ ತನ್ನದೇ ದನಿಯಲ್ಲಿ ತೆಲುಗಿನಲ್ಲಿ ಕಥೆ ಹೇಳಿದಳು. ಕೊನೆಯಲ್ಲಿ, ಕಥೆಗೆ ಸೇರದ ಒಂದು ಮಾತನ್ನೂ ಹೇಳಿದಳು: "ಜ್ಯೋತಿ, ನಾನು ರಾಟೆ ಮುಂದೆ ಕೂರ್ಬೇಕಿತ್ತು. ಮಗ್ಗ ಕೊಡೋ ಮುಂಚೆಯೂ ನಿನ್ನ ಕೇಳ್ಬೇಕಿತ್ತು." ಅದನ್ನು ಎರಡು ಸಲ ತೆಗೆದಳು, ಎರಡು ಸಲ ಸೇರಿಸಿದಳು. ಸೇರಿಸಿಯೇ ಕಳಿಸಿದಳು.

ನಾಲ್ಕು ದಿನ ಗೆರೆಗಳು ನೀಲಿಯಾಗಲೇ ಇಲ್ಲ. ಐದನೆಯ ದಿನ ಉತ್ತರ ಬಂತು.

"ಅಜ್ಜಿ ಹಿಂಗಿರ್ಲಿಲ್ಲ. ಇನ್ನೂ ಉದ್ದಕ್ಕಿದ್ಲು," ಎಂದಿತ್ತು. ಅದರ ಕೆಳಗೆ ಇನ್ನೊಂದು ಸಾಲು: "ಮುಂದಿಂದು ಕಳ್ಸು."

ಉಳಿದ ಮಾತಿಗೆ ಜ್ಯೋತಿ ಏನೂ ಹೇಳಲಿಲ್ಲ. ನಿರ್ಮಲಾ ಕೇಳಲೂ ಇಲ್ಲ. ಮದುವೆಗಳ ನಡುವೆ ಬಿಡುವು ಮಾಡಿಕೊಂಡು ಒಟ್ಟು ಇಪ್ಪತ್ತೆರಡು ಕಂತು ಮುಗಿಸಿದಳು. ಕಡೆಯ ಕಂತು ಹೋದ ಮೇಲೆ, ಶುಕ್ರವಾರ ಸಂಜೆ ಏನು ಮಾಡಬೇಕೆಂದು ಅವಳಿಗೆ ಕೆಲವು ವಾರ ತಿಳಿಯಲಿಲ್ಲ.

ಮಾಘದಲ್ಲಿ ಸಂಬಂಧಿಕರ ಮದುವೆಗೆ ಜ್ಯೋತಿ ಚಳ್ಳಕೆರೆಗೆ ಬಂದಳು. ಅಕ್ಕನ ಕೋಣೆಯಲ್ಲಿ ಎರಡು ದಿನ ಉಳಿದಳು. ಇಬ್ಬರೂ ಮಂಡಿ ನೋವಿನ ಬಗ್ಗೆ ಮಾತಾಡಿದರು, ಜ್ಯೋತಿಯ ಸಕ್ಕರೆ ಕಾಯಿಲೆಯ ಬಗ್ಗೆ, ಮಗಳ ಕಾಲೇಜಿನ ಬಗ್ಗೆ ಮಾತಾಡಿದರು. ಸಿನಿಮಾದ ಮಾತು ಇಬ್ಬರೂ ಎತ್ತಲಿಲ್ಲ. ಎರಡನೆಯ ಮಧ್ಯಾಹ್ನ ನಿರ್ಮಲಾ ಅನ್ನಕ್ಕೆ ಇಡುವಾಗ ಜ್ಯೋತಿ ಮಂಚದ ಮೇಲೆ ಕೂತು ಕೋಣೆಯನ್ನು ಸುತ್ತ ನೋಡಿದಳು. "ಇಷ್ಟೇ ಏನಕ್ಕ?" ಎಂದಳು. ನಿರ್ಮಲಾ, "ಇಷ್ಟೇ" ಎಂದಳು. ಜ್ಯೋತಿ ಎದ್ದು ಬಂದು ಈರುಳ್ಳಿ ಹೆಚ್ಚತೊಡಗಿದಳು.

ಧರ್ಮಾವರದ ಕಡೆ ಹೋಗುವ ರಾಯದುರ್ಗದ ಬಸ್ಸಿಗೆ ಅವಳನ್ನು ಹತ್ತಿಸಿ, ಸೀಟು ಸಿಕ್ಕಿತೋ ಇಲ್ಲವೋ ಎಂದು ಕಿಟಕಿಯುದ್ದಕ್ಕೂ ಇಣುಕುತ್ತ ನಿರ್ಮಲಾ ನಡೆದಳು. ಸಿಕ್ಕಿತ್ತು. "ಊರಿಗೆ ಹೋಗಿ ಫೋನ್ ಮಾಡ್ತೀನಿ," ಎಂದಳು ಜ್ಯೋತಿ.

ಮರುದಿನ ಮಧ್ಯಾಹ್ನ ಮಾಡಿದಳು. ಎರಡು ನಿಮಿಷ ಮಾತಾಡಿದಳು. ಈಗ ತಿಂಗಳಿಗೊಮ್ಮೆ ಮಾಡುತ್ತಾಳೆ. ಕೆಲವು ತಿಂಗಳು ಮರೆಯುತ್ತಾಳೆ.